ಅಮ್ಮನ ಎರಡೂ ಕೈಗೆ ಮದರಂಗಿ

ನಮ್ಮ ಮನೆಯೊಳಗೆ ಮದರಂಗಿಯ ಕೋನ್ ಇನ್ನೂ ಕಾಲಿಡದಿದ್ದ ದಿನಗಳವು. ಚೆಂಬೂರಿನ ನಮ್ಮ ಚಾಳಿನ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಮದರಂಗಿ ಗಿಡವಿತ್ತು. ಶ್ರಾವಣ ಬಂತೆಂದರೆ ಅಮ್ಮ ಅದರ ಎಲೆ ಕಿತ್ತು ತಂದು, ಹುಣಸೆಹಣ್ಣು, ಕಡು ಚಹಾ ಸೇರಿಸಿ ಕಲ್ಲಿನಲ್ಲಿ ಅರೆಯುತ್ತಿದ್ದಳು. ಇದ್ದೊಂದು ಕೋಣೆಯ ತುಂಬ ಹಸಿ ಎಲೆಯ ಒಗರು ವಾಸನೆ. ನಾನು, ಅಕ್ಕ ಕೈ ಚಾಚಿ ಕೂತರೆ ಅಂಗೈ ನಡುವೆ ದುಂಡಗಿನ ಚಂದ್ರ, ಸುತ್ತ ಚುಕ್ಕಿ, ಬೆರಳ ತುದಿಗಳಿಗೆ ಟೊಪ್ಪಿ.

ಅಮ್ಮ ಮಾತ್ರ ಉಳಿದದ್ದನ್ನು ಕಿರುಬೆರಳಿಗೆ ಮೆತ್ತಿಕೊಂಡು, ಐದೇ ನಿಮಿಷದಲ್ಲಿ ಪಾತ್ರೆಗೆ ಕೈ ಹಾಕಿಬಿಡುತ್ತಿದ್ದಳು. "ನಾನು ಕೈ ಕಟ್ಟಿ ಕೂತರೆ ನಾಲ್ಕು ಗಂಟೆಗೆ ನೀರು ಹಿಡಿಯುವುದು ಯಾರು ಮಾರಾಯ್ತಿ?"

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಕ್ಕ ಹಠ ಹಿಡಿದಳು. "ಇವತ್ತು ನೀರು ನಾವು ಹಿಡೀತೇವೆ. ನೀನು ಕೂತ್ಕೋ."

ಬೇಡ ಬೇಡ ಎನ್ನುತ್ತಲೇ ಅಮ್ಮ ಗೋಡೆಗೆ ಒರಗಿದಳು. ಸೋಪಿನ ಪುಡಿಗೆ ಅವಳ ಅಂಗೈ ಸಿಪ್ಪೆ ಎದ್ದಿತ್ತು, ಗೆರೆಗೆರೆಯಲ್ಲೂ ಬಿರುಕು. ಅಕ್ಕ ಎರಡೂ ಅಂಗೈಗೆ ಮದರಂಗಿ ಹಚ್ಚಿದಳು.

"ಉರೀತದಾ ಅಮ್ಮ?"

"ಇಲ್ಲ, ತಂಪಿದೆ," ಎಂದು ಕಣ್ಣು ಮುಚ್ಚಿದಳು. ಹಗಲಲ್ಲಿ ಅವಳು ಹಾಗೆ ಕಣ್ಣು ಮುಚ್ಚಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆದರೆ ನೀರು ಮೂರಕ್ಕೇ ಬಂತು. ತುಂಬಿದ ಹಂಡೆ ನಮ್ಮಿಬ್ಬರಿಂದ ಅಲುಗಲೂ ಇಲ್ಲ. ಅಮ್ಮ ಕೈ ತೊಳೆಯಲು ಎದ್ದೇಬಿಟ್ಟಳು. ಅಷ್ಟರಲ್ಲಿ ಅಪ್ಪ ದಾದರಿನಿಂದ ತರಕಾರಿ ಚೀಲ ಹಿಡಿದು ಬಂದರು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಅವರಿಗೆ ಅಂದು ವಾರದ ರಜೆ.

"ಕೂತ್ಕೋ ನೀನು," ಎಂದವರೇ ಲುಂಗಿ ಎತ್ತಿ ಕಟ್ಟಿ ನಳದ ಕಡೆ ನಡೆದರು.

ಇವತ್ತು ನೀವಾ ಎಂದು ಸಾಲಿನಲ್ಲಿದ್ದ ಹೆಂಗಸರು ನಕ್ಕರು. "ಅಣ್ಣಾ, ಆಜ್ ತುಮ್ಹಿ?"

"ಘರ್‌ವಾಲಿ ಮೆಹಂದಿ ಲಗಾಯಾ ಹೈ!" ಹೆಂಡತಿ ಮದರಂಗಿ ಹಚ್ಚಿಕೊಂಡಿದ್ದನ್ನು ಅಪ್ಪ ಇಡೀ ಚಾಳಿಗೆ ಕೇಳುವಂತೆ ಹೇಳಿದರು.

ಅಪ್ಪ ಬರಲೆಂದು ಅಮ್ಮ ಅಲ್ಲಿಯ ತನಕ ಊಟ ಮಾಡಿರಲಿಲ್ಲ. ಅಪ್ಪ ಅನ್ನ ಸಾರು ಕಲಸಿ ತುತ್ತು ಎತ್ತಿದಾಗ ಮುಖ ತಿರುಗಿಸಿದಳು. "ಮಕ್ಕಳ ಎದುರು ಎಂತದಿದು?"

"ದಿನಾ ಊರವರಿಗೆಲ್ಲ ಬಡಿಸ್ತೇನೆ. ನಿನಗೆ ಒಂದು ದಿನ ಬಡಿಸಿದ್ರೆ ಎಂತ ಆಗ್ತದೆ? ಬಾಯಿ ತೆರಿ."

ನಾಲ್ಕನೇ ತುತ್ತಿಗೆ ಅಮ್ಮನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯಿರಲಿಲ್ಲ. ಅಕ್ಕ ಅವಳದೇ ಸೆರಗಿನಿಂದ ಒರೆಸಿದಳು.

ಬಣ್ಣ ಕಡುಗೆಂಪಾಗಿ ಹತ್ತಿತ್ತು. ಆ ವಾರವಿಡೀ ಅಮ್ಮ ಗ್ಯಾಲರಿಯಲ್ಲಿ, ಒಣಗಿದ ಬಟ್ಟೆಯನ್ನೂ ಮತ್ತೊಮ್ಮೆ ಕೊಡವಿ ಹಾಕುತ್ತಿದ್ದಳು, ಅಂಗೈ ಎಲ್ಲರಿಗೂ ಕಾಣುವಂತೆ.

ಮುಂದಿನ ಶ್ರಾವಣಕ್ಕೂ ಹಚ್ಚೋಣವೆಂದುಕೊಂಡೆವು. ಪರೀಕ್ಷೆ, ಟ್ಯೂಷನ್, ಅಕ್ಕನ ಮದುವೆ ಎನ್ನುತ್ತ ಅಂಥ ಇನ್ನೊಂದು ಮಧ್ಯಾಹ್ನವನ್ನು ನಾವು ಅವಳಿಗೆ ಕೊಡಲೇ ಇಲ್ಲ. ಚಾಳಿದ್ದಲ್ಲಿ ಈಗ ಇಪ್ಪತ್ತು ಮಾಳಿಗೆಯ ಬಿಲ್ಡಿಂಗು. ಅಪ್ಪ ಹೋಗಿ ಆರು ವರ್ಷವಾಯಿತು. ಈಗ ಅಮ್ಮನ ಕೈಗಳಿಗೆ ದಿನವಿಡೀ ಪುರುಸೊತ್ತು. ನನ್ನ ಮಗಳು ಮದರಂಗಿ ಕೋನ್ ಹಿಡಿದು ಅವಳ ಪಕ್ಕ ಕೂತು, "ಅಜ್ಜಿ, ಹಾತ್ ದೋ ನಾ," ಎಂದರೆ, "ನನಗ್ಯಾಕೆ ಮಗಾ," ಎಂದು ಕೈಗಳನ್ನು ಮೆಲ್ಲಗೆ ಮಡಿಲೊಳಗೆ ಎಳೆದುಕೊಳ್ಳುತ್ತಾಳೆ.