ಹೇಳದೆ ಉಳಿದ ಹೆಸರು

ಮತ್ತೆ ಬಂದಳು! ನಾನು ಕಾಲರ್ ತಿರುಗಿಸುವ ಹೊತ್ತಿಗೇ ಬರಬೇಕೇ? ಪೆರಂಬೂರಿನಲ್ಲಿ ನಾವು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಶೆಡ್ಡಿಗೆ ಕಂಪನಿಯವರು ಒಬ್ಬ ಹುಡುಗಿಯ ಕೈಗೆ ಟ್ಯಾಬ್ ಕೊಟ್ಟು ಕಳಿಸಿದ್ದರು, ನಮ್ಮ ಅಭಿಪ್ರಾಯ ಕೇಳಲು.

"ಸಂಬಳ ತೃಪ್ತಿಯಾ ಅಕ್ಕಾ?"

"ನಿನ್ನ ಸಂಬಳ ನಿನಗೆ ತೃಪ್ತಿಯಾ ಚಿನ್ನಾ? ಅದನ್ನೇ ಬರ್ಕೋ."

"ಕೆಲಸ ಹೋಗುತ್ತೆ ಅಂತ ಭಯ ಇದೆಯಾ?"

"ಸೂಪರ್‌ವೈಸರ್ ಕೆಮ್ಮಿದಾಗೆಲ್ಲ."

ಪಕ್ಕದ ಮಿಷನ್ನಿನ ಸೆಲ್ವಿ ನಕ್ಕಳು. ಅವಳ ನಿಜವಾದ ಹೆಸರು ಬೇರೆ, ಅದನ್ನು ಇಲ್ಲಿ ಹೇಳುವುದಿಲ್ಲ. ಮಧ್ಯಾಹ್ನ ಅತ್ತೆ ನನ್ನ ಮಗುವನ್ನು ಗೇಟಿಗೆ ತರುತ್ತಾರೆ. ನಾನು ಹಾಲೂಡಿಸಿ ಬರುವಷ್ಟರಲ್ಲಿ ನನ್ನ ಕಟ್ಟಿನ ಕಾಲರುಗಳನ್ನು ಸೆಲ್ವಿ ಹೊಲಿದಿಟ್ಟಿರುತ್ತಾಳೆ. ಒಬ್ಬರ ಕಟ್ಟನ್ನು ಇನ್ನೊಬ್ಬರು ಮುಟ್ಟಿದರೆ ಇಬ್ಬರ ಕೆಲಸವೂ ಹೋಗುತ್ತದೆ, ಅದು ಇಲ್ಲಿಯ ರೂಲ್ಸು. ಅವಳಿಲ್ಲದಿದ್ದರೆ ನಾನು ಎಂದೋ ಮನೆ ಸೇರಿರುತ್ತಿದ್ದೆ. ಥ್ಯಾಂಕ್ಸ್ ಹೇಳಿದರೆ "ಪೋಡಿ, ಹೋಗೇ" ಎಂದು ಬೈಯುತ್ತಾಳೆ.

ಹುಡುಗಿ ಕೊನೆಯ ಪ್ರಶ್ನೆ ಓದಿದಳು. ಸೆಲ್ವಿಯ ಮಿಷನ್ ನಿಂತಿತು.

"ಬಿಟ್ಟುಬಿಡು," ಎಂದೆ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಎಷ್ಟೋ ಪ್ರಶ್ನೆ ಬಿಟ್ಟಿದ್ದೇನೆ. ಚೆನ್ನಾಗಿ ಗೊತ್ತಿದ್ದೂ ಬಿಟ್ಟದ್ದು ಇದೊಂದನ್ನೇ: "ಇಲ್ಲಿ ನಿಮಗೆ ಹೆಚ್ಚು ಸಹಾಯ ಮಾಡಿದವರು ಯಾರು, ಏನು ಮಾಡಿದರು?"