ಓದದೆ ಬಿಟ್ಟ ಎಂಟು ಸಾಲು

ಮೊನ್ನೆ ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿದ್ದ ಹಳೆಯ ಮರಾಠಿ ಮಾಸಿಕವೊಂದು ಸಿಕ್ಕಿತು. ಮೇಲೆ ನಮ್ಮೂರ ವಾಚನಾಲಯದ ಮುದ್ರೆ. ‘ಪುಸ್ತಕಗಳನ್ನು ಮನೆಗೆ ಒಯ್ಯಬಾರದು’ ಎಂದು ಆ ವಾಚನಾಲಯದ ಗೋಡೆಗೆ ಬರೆದು ಹಚ್ಚಿದವನು ನಾನೇ. ನಿಯಮ ಬರೆದವನಿಗೆ ನಿಯಮದಲ್ಲಿ ರಿಯಾಯಿತಿ ಇರುವುದನ್ನು ನೀವೂ ಎಲ್ಲೋ ಕಂಡಿರಬೇಕು.

ಎಂಬತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಪಾಸಾದ ನಾನು ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಬೇಡಕಿಹಾಳದಲ್ಲಿ ಮಹಾ ವಿದ್ವಾಂಸ; ಶಾಲೆಯಲ್ಲಿ ಕಲಿಸದಿದ್ದರೂ ಎಲ್ಲರ ಬಾಯಲ್ಲಿ ‘ಮಾಸ್ತರ’. ಕಬ್ಬಿಗೆ ನೀರು ಹಾಯಿಸಿ ಬಂದವರು ಸಂಜೆ ವಾಚನಾಲಯದ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮರಾಠಿ ಮಾತಾಡಬಲ್ಲರು, ಓದಲಾರರು. ನಾನು ಮರಾಠಿ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಓದಿದ್ದು ಜಗತ್ತಿನಲ್ಲಿ ನಡೆದದ್ದು. ಓದದೆ ಬಿಟ್ಟದ್ದು ನಡೆದೇ ಇಲ್ಲ. ಇಷ್ಟು ಅಧಿಕಾರ ದಿಲ್ಲಿಯಲ್ಲೂ ಯಾರಿಗೂ ಇದ್ದಿರಲಿಕ್ಕಿಲ್ಲ.

ಕೇಳುಗರಲ್ಲಿ ದತ್ತೂ ಮಾಮಾ ಒಬ್ಬ. ನೌಕಾದಳದಲ್ಲಿ ಅಡಿಗೆಯವನಾಗಿದ್ದು ಬಂದವನು. ಊರಲ್ಲಿ ಎತ್ತಿನ ಗಾಡಿಗೆ ಪೀಪಾಯಿ ಕಟ್ಟಿ, ಕಬ್ಬು ಕಡಿಯುವವರಿಗೆ ಕುಡಿಯುವ ನೀರು ಒಯ್ಯುತ್ತಿದ್ದ. ಒಮ್ಮೆ ನಾನು, ಹಡಗಿನವರು ಸಮುದ್ರದ ನೀರನ್ನೇ ಕಾಸಿ ಕುಡಿಯುತ್ತಾರೆ ಎಂದು ಗಂಭೀರವಾಗಿ ವಿವರಿಸಿದೆ.

“ಕಾಸಿದ್ರ ಉಪ್ಪ ಎಲ್ಲಿ ಹೋಗ್ತೈತಿ ಮಾಸ್ತರ? ನಿಮ್ಮ ಮನ್ಯಾಗ ಸಾರ ಹ್ಯಾಂಗ ಮಾಡ್ತಾರ?” ಎಂದ ಮಾಮಾ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆ ನಗೆಯನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ಮರುವಾರವೇ ಈ ಮಾಸಿಕ ಬಂತು. ಅದರಲ್ಲಿ ಫ್ರಾನ್ಸಿನ ‘ಪ್ಲೊಂಜರ್’ ಎಂಬ ಜಲಾಂತರ್ಗಾಮಿಯ ಕತೆ. ಆಗಲೇ ನೂರಿಪ್ಪತ್ತು ವರ್ಷ ಹಳೆಯದು. ಒತ್ತಿ ತುಂಬಿದ ಗಾಳಿಯಿಂದ ಅದರ ಎಂಜಿನ್ ನಡೆಯುತ್ತಿತ್ತು. ಹೊಟ್ಟೆಯಲ್ಲಿ ಬರೀ ಗಾಳಿ ತುಂಬಿಕೊಂಡು ಮೆರೆಯುವುದು ನನಗೂ ಗೊತ್ತಿದ್ದ ವಿದ್ಯೆ; ಹುರುಪಿನಿಂದ ಓದಿದೆ. ಗಾಳಿ ತುಂಬಲು ಇನ್ನೊಂದು ಹಡಗು ಬೆನ್ನಿಗಿರಬೇಕು. ನೀರೊಳಗೆ ಸಮನಾಗಿ ನಿಲ್ಲದು. ಮೂತಿ ತಳಕ್ಕೆ ಬಡಿದು ಮತ್ತೆ ಮೇಲೇಳುವುದು. ಕೆಲ ವರ್ಷ ನೋಡಿ ನೌಕಾದಳ ಕೈಬಿಟ್ಟಿತು.

“ಮುಂದ ಅದು ನೀರ ಹೊರೂ ಹಡಗ ಆತು,” ಎಂದ ದತ್ತೂ ಮಾಮಾ. “ನಮ್ಮ ಸಾಹೇಬ್ರು ಹೇಳಿದ್ರು. ಬಾಳ ವರ್ಷ ದುಡೀತಂತ.”

“ಅದಕ್ಕೂ ಪೀಪಾಯಿ ಕಟ್ಟಿದ್ರೇನೋ ಮಾಮಾ, ನಿನ್ನಂಗ?” ಎಂದು ಯಾರೋ ಚೇಷ್ಟೆ ಮಾಡಿದರು.

“ಹೌದಲೇ, ನನ್ನಂಗ! ಬರದಿರ್ತೈತಿ. ಮಾಸ್ತರ ಓದ್ಲಿ, ಕೇಳ್ರಿ.”

ಎಲ್ಲರೂ ನನ್ನ ಮುಖ ನೋಡಿದರು. ಬರೆದಿತ್ತು. ಕೊನೆಯ ಎಂಟು ಸಾಲು. ನನ್ನ ಬೆರಳು ಅದರ ಮೇಲೇ ಇತ್ತು.

“ಏನೂ ಇಲ್ಲೋ ಮಾಮಾ ಇಲ್ಲಿ. ಗುಜರಿಗಿ ಹಾಕಿದ್ರು, ಮುಗೀತು,” ಎಂದೆ.

ಮರುದಿನದಿಂದ ಅವನ ಗಾಡಿಗೆ ‘ಗುಜರಿ’ ಎಂದು ಹೆಸರಾಯಿತು. ಕಬ್ಬಿನ ಫಡದಲ್ಲಿ ಹೆಂಗಸರು ಕೂಡ “ಗುಜರಿ ಬಂತು, ಕೊಡಾ ತರ್ರಿ” ಎನ್ನುತ್ತಿದ್ದರು. ಮಾಮಾ ನೀರು ತಪ್ಪಿಸಲಿಲ್ಲ, ಆದರೆ ಕಟ್ಟೆಗೆ ಮತ್ತೆ ಬರಲಿಲ್ಲ. ಸಮುದ್ರದ ಮಾತನ್ನೂ ಆಡಲಿಲ್ಲ. ಮರಾಠಿ ಓದಬಲ್ಲವರು ಯಾರಾದರೂ ಬಂದು ಆ ಸಾಲುಗಳನ್ನು ನೋಡಿಯಾರೆಂದು ಮಾಸಿಕವನ್ನು ನಾನು ಮನೆಗೆ ತಂದೆ. ವಿದ್ವಾಂಸರಿಗೆ ಇಂಥ ಮುಂಜಾಗ್ರತೆ ಇರಬೇಕು.

ನಿನ್ನೆ ಅದನ್ನು ಹಿಡಿದುಕೊಂಡು ಅವನ ಮನೆಗೆ ಹೋದೆ. ತೊಂಬತ್ತರ ಹತ್ತಿರ ಬಂದಿದ್ದಾನೆ. ತಪ್ಪು ಹೇಳಿ, ಎಂಟೂ ಸಾಲು ದೊಡ್ಡ ದನಿಯಲ್ಲಿ ಓದಿದೆ. ಕಣ್ಣು ಮುಚ್ಚಿ ಕೇಳಿದ. ಆಮೇಲೆ ಕಣ್ಣು ತೆರೆದು ಅಂದ:

“ಆವತ್ತ ನಕ್ಕವರನ್ನೆಲ್ಲ ಈಗ ಎಲ್ಲಿಂದ ಕರಕೊಂಡ ಬರ್ತಿ, ಮಾಸ್ತರ?”

ಅವರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಅದಕ್ಕೇ ಅವರ ಜಾಗದಲ್ಲಿ ನಿಮ್ಮನ್ನು ಕೂಡಿಸಿಕೊಂಡೆ. ಇನ್ನು ಕೇಳಿ: ಪ್ಲೊಂಜರ್ ಗುಜರಿಗೆ ಹೋಗಲಿಲ್ಲ. ಅದನ್ನು ನೀರು ಸಾಗಿಸುವ ಹಡಗಾಗಿ ಮಾಡಿದರು. ಅರವತ್ತಕ್ಕೂ ಹೆಚ್ಚು ವರ್ಷ ಅದು ನೀರು ಹೊತ್ತಿತು. ಹೀಗೆಂದು ಬರೆದಿದೆ. ದತ್ತೂ ಮಾಮಾ ಹೇಳಿದ್ದು ಖರೆ.