ಎಂಟು ನಟ್ಟುಗಳ ಮೇಲಿನ ಹಳದಿ ಗೆರೆ

ಸುಧಾಕರ, ಜೀಪಿನ ನಟ್ಟುಗಳ ಮೇಲಿದ್ದ ಆ ಹಳದಿ ಗೆರೆಗಳನ್ನು ಎಳೆದವಳು ನಾನು. ನಿನ್ನ ಅಣ್ಣನಲ್ಲ. ನೀನು ಆಸ್ಪತ್ರೆಯಲ್ಲಿದ್ದೀ ಎಂದು ಫೋನ್ ಬಂದಾಗ ಹಬ್ಬಕ್ಕೆ ಹಚ್ಚಿದ್ದ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದೆ. ಮುಂದಿನ ಚಕ್ರದ ಹತ್ತಿರ ಒಂದು ನಟ್ಟು ಕಳಚಿ ಬಿದ್ದಿತ್ತಂತೆ ಎಂದು ಕೇಳಿದೊಡನೆ ಅದು ಯಾವ ನಟ್ಟು ಎಂದು ನನಗೆ ಗೊತ್ತಾಯಿತು. ನಾಲ್ಕು ವರ್ಷ ಆಯಿತು. ಏನೂ ಗೊತ್ತಿಲ್ಲದವಳ ಹಾಗೆ ನಿನಗೆ ಗಂಜಿ ತಂದುಕೊಟ್ಟಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆ ಹಳೆಯ ಜೀಪಿನ ಹುಚ್ಚು ಇವರಿಗೆ ಎಷ್ಟಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ವಾರವಿಡೀ ಇನ್ಶೂರೆನ್ಸ್ ಆಫೀಸಿಗೂ ಹೋಗಬೇಕು, ಭಾನುವಾರ ಒಣಗಿದ ಕೆರೆಯ ಉಬ್ಬುತಗ್ಗಿನಲ್ಲೂ ಓಡಬೇಕು. ಅದಕ್ಕೆಂದು ಪಲ್ಲಾವರಂ ಸಂತೆಯ ಗುಜರಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಹುಡುಕಿ ತಂದು, ಕತ್ತರಿಸಿ, ಮುಂದಿನ ಎರಡೂ ಬದಿಗೆ ಒಂದೊಂದು ಸೇರಿಸಿ ಜೀಪನ್ನು ಎತ್ತರಿಸಿದರು. ಯಾವ ವರ್ಕ್‌ಶಾಪಿಗೂ ಕೊಡಲಿಲ್ಲ, ಎಲ್ಲ ನಮ್ಮ ಅಂಗಳದಲ್ಲೇ. ಹೊಸ ಪಟ್ಟಿ ಓಡಾಡುತ್ತಾ ಒತ್ತಿ ಕೂರುತ್ತದೆ, ಆಗ ಅದನ್ನು ಹಿಡಿದಿರುವ ಬೋಲ್ಟು ಸಡಿಲಾಗುತ್ತದೆ—ಹಾಗಾಗಿ ಬದಿಗೆ ನಾಲ್ಕರಂತೆ ಎಂಟು ನಟ್ಟುಗಳಿಗೂ ಹಳದಿ ಪೇಂಟಿನ ಗುರುತು ಹಾಕಿದ್ದರು. ನಟ್ಟಿನಿಂದ ಕೆಳಗಿನ ಕಬ್ಬಿಣದವರೆಗೆ ಒಂದೇ ಗೆರೆ.

“ಗೆರೆ ತುಂಡಾಗಿ ಕಂಡ್ರೆ ನಟ್ಟು ತಿರುಗಿದೆ ಅಂತ ಲೆಕ್ಕ. ಸ್ಪ್ಯಾನರ್ ಹಾಕದೆ ಗಾಡಿ ತೆಗೀಲಿಕ್ಕಿಲ್ಲ,” ಎಂದು ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದರು.

“ಇನ್ನು ಇದಕ್ಕೊಂದು ಜಾತಕವೂ ಬರೆಸ್ತಾನೆ ಅಣ್ಣ, ನೋಡಿ ಅತ್ತಿಗೆ,” ಎಂದು ನೀನು ನಕ್ಕಿದ್ದೆ.

ಆಯುಧಪೂಜೆಯ ಹಿಂದಿನ ದಿನ ಇವರು ಬಸ್ಸಿನಲ್ಲಿ ಆಫೀಸಿಗೆ ಹೋದರು. ನಾನು ಜೀಪು ತೊಳೆಯಲು ಕುಳಿತೆ. ಪೂಜೆಗೆ ಇಡುವ ವಸ್ತುವಿನಲ್ಲಿ ಕೊಳೆ ಇರಬಾರದು ಎಂಬುದು ಅಮ್ಮನಿಂದ ಬಂದ ಹಟ. ದೋಸೆಕಲ್ಲಿನ ಬೆನ್ನನ್ನೂ ತಿಕ್ಕದೆ ಇಡುವವಳಲ್ಲ ನಾನು. ಜೀಪು ಎತ್ತರವಾಗಿದ್ದರಿಂದ ಮಣೆ ಹಾಕಿ ಕುಳಿತರೆ ಅಡಿಭಾಗವೂ ಕೈಗೆ ಸಿಗುತ್ತಿತ್ತು. ಇವರ ಕಪಾಟಿನಲ್ಲಿದ್ದ ಪೇಂಟಿನ ಥಿನ್ನರನ್ನು ಬಟ್ಟೆಗೆ ಹಾಕಿಕೊಂಡು ಉಜ್ಜಿದೆ. ಗ್ರೀಸಿನ ಜೊತೆ ಗೆರೆಗಳೂ ಎದ್ದು ಬಂದವು. ಎಚ್ಚರವಾಗುವಷ್ಟರಲ್ಲಿ ಎಂಟೂ ಹೋಗಿದ್ದವು.

ಹೆದರಿದೆ. ಇವರು ಕೂಗಾಡುವವರಲ್ಲ. “ಬಿಡು, ನಿಂಗೆ ಎಂತ ಗೊತ್ತುಂಟು,” ಎನ್ನುತ್ತಾರೆ, ಅಷ್ಟೇ. ಹಬ್ಬದ ದಿನ ಆ ಮಾತು ಕೇಳುವುದು ಬೇಡವಾಗಿತ್ತು. ಪೇಂಟಿನ ಡಬ್ಬಿ ಅಲ್ಲೇ ಇತ್ತು. ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಮುರಿದು, ಅದ್ದಿ, ಎಂಟು ಗೆರೆ ಎಳೆದೆ. ದಿನಾ ಬಾಗಿಲಿಗೆ ರಂಗೋಲಿ ಹಾಕುವ ಕೈ—ಇವರದಕ್ಕಿಂತ ನೆಟ್ಟಗೇ ಬಂತು.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ್ದು ಎನ್ನಬಹುದಿತ್ತು. ಆದರೆ ಎಡಬದಿಯ ಒಂದು ನಟ್ಟಿನಲ್ಲಿ ಹಳೆಯ ಬಣ್ಣದ ಕಲೆ ಸ್ವಲ್ಪ ಉಳಿದಿತ್ತು. ನಟ್ಟಿನ ಮೇಲಿನ ಕಲೆ ಒಂದು ಕಡೆಗೆ, ಕೆಳಗಿನ ಕಬ್ಬಿಣದ್ದು ಇನ್ನೊಂದು ಕಡೆಗೆ. ಒಂದಕ್ಕೊಂದು ಸೇರುತ್ತಿರಲಿಲ್ಲ. ನಾನು ನೋಡಿದೆ, ಸುಧಾಕರ. ನೋಡಿ, ಉಜ್ಜುವಾಗ ಹರಡಿರಬೇಕು ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೋ, ಅಂದುಕೊಂಡರೆ ಕೆಲಸ ಸುಲಭವೆಂದೋ—ಎರಡನ್ನೂ ಒರೆಸಿ ಹೊಸ ಗೆರೆ ಎಳೆದೆ.

ಪೂಜೆಯ ದಿನ ಇವರು ಚಕ್ರಕ್ಕೆ ಕುಂಕುಮ ಹಚ್ಚುವಾಗ ಬಗ್ಗಿ ನೋಡಿ, “ಒಂದೂ ಅಲುಗಲಿಲ್ಲ ಮಾರಾಯ್ತಿ, ಹೇಗುಂಟು ಕೆಲಸ?” ಎಂದರು. ಎಷ್ಟು ಸಂತೋಷವಾಗಿತ್ತು ಅವರಿಗೆ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಮರುದಿನ ನಿನ್ನ ಸ್ಕೂಟರ್ ರಿಪೇರಿಗೆ ಹೋಗಿತ್ತು. ಟಿ. ನಗರದ ಹೋಟೆಲಿಗೆ ಡ್ಯೂಟಿಗೆ ನೀನು ಜೀಪು ತೆಗೆದುಕೊಂಡು ಹೋದೆ. ಏರ್‌ಪೋರ್ಟ್ ದಾಟುವಾಗ ಅದು ಎಡಕ್ಕೆ ಎಳೆದು ಗೋಡೆಗೆ ಬಡಿಯಿತು.

ಆಸ್ಪತ್ರೆಯಲ್ಲಿ ಇವರು ನಿನ್ನ ಮಂಚದ ಪಕ್ಕ ನಿಂತು ಕೇಳಿದ ಮೊದಲ ಮಾತು, “ಕೆರೆಗೆ ಇಳಿಸಿದ್ಯಾ?”

“ಇಲ್ಲ ಅಣ್ಣ. ಟಾರು ರಸ್ತೆ ಬಿಟ್ಟು ಎಲ್ಲಿಗೂ ಹೋಗ್ಲಿಲ್ಲ.”

“ನಿನ್ನೆ ಪೂಜೆಗೆ ನಾನೇ ನೋಡಿದ್ದೇನೆ, ಎಂಟೂ ಸರಿ ಇತ್ತು. ಟಾರು ರಸ್ತೆಯಲ್ಲಿ ಸುಮ್ಮನೆ ಹೋದ್ರೆ ನಟ್ಟು ಬೀಳ್ತದಾ? ಕಾಲು ಮುರಿದದ್ದು ಇರ್ಲಿ, ಸುಳ್ಳು ಯಾಕೆ ಹೇಳ್ತಿ?”

“ಅತ್ತಿಗೆ, ನೀವಾದ್ರೂ ಹೇಳಿ,” ಎಂದು ನೀನು ನನ್ನ ಕಡೆ ತಿರುಗಿದೆ.

ಆಗ ಹೇಳಬೇಕಿತ್ತು. ನಾನು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾ, “ಈಗ ಆ ಮಾತೆಲ್ಲ ಬೇಡ,” ಎಂದೆ. ನಿನಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿರಬೇಕು.

ಆಮೇಲೆ ದೇವರ ಮುಂದೆ ಕುಳಿತು ಒಂದೊಂದೇ ಎಣಿಸಿದೆ. ಹಿಂದಿನಿಂದ ಬಸ್ಸು ಬರಲಿಲ್ಲ, ಕೃಷ್ಣ. ಫುಟ್‌ಪಾತಿನಲ್ಲಿ ಯಾರೂ ಇರಲಿಲ್ಲ. ತಲೆಗೆ ಏಟಾಗಲಿಲ್ಲ. ಒಂದೇ ಮೊಣಕಾಲು. ನಿನ್ನ ಕೆಲಸ ಹೋಗಲಿಲ್ಲ, ಕೂತು ಮಾಡುವ ಕೆಲಸ ಕೊಟ್ಟರು. ಇಷ್ಟನ್ನೂ ದಿನಾ ಎಣಿಸಿದೆ. ನಾನು ಮಾಡಿದ್ದೊಂದನ್ನು ಅವನ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ—ಅವನಿಗೆ ಗೊತ್ತಿದೆಯಲ್ಲ ಎಂದು.

ಅಣ್ಣತಮ್ಮಂದಿರ ಮಾತು ನಿಂತಿತು. ನಿನ್ನ ಹೆಂಡತಿಯೂ, “ಕೆರೆಯಲ್ಲಿ ಆಟ ಆಡಿ ಕಾಲು ಕಳಕೊಂಡ್ರು, ಕೇಳಿದ್ರೆ ಒಪ್ಪುದಿಲ್ಲ,” ಎನ್ನುವಾಗ ನಾನು ತಲೆ ಅಲ್ಲಾಡಿಸಿದ್ದೇನೆ. ಹೌದು ಎಂದಲ್ಲ, ಇಲ್ಲ ಎಂದೂ ಅಲ್ಲ. ಮೊನ್ನೆ ಮಾವನವರ ಶ್ರಾದ್ಧಕ್ಕೆ ನೀನು ಬಂದೆ. ನೆಲದಲ್ಲಿ ಕೂರಲಾಗದೆ ಕುರ್ಚಿ ಹಾಕಿಸಿಕೊಂಡೆ. ಇವರು ಭಟ್ಟರ ಎದುರಿಗೇ, “ಸತ್ಯ ಹೇಳುವವನಿಗೆ ಕುರ್ಚಿ ಯಾಕೆ ಬೇಕಿತ್ತು,” ಎಂದರು. ನೀನು ಪಿಂಡಕ್ಕೆ ನಮಸ್ಕಾರ ಮಾಡಿ, ಊಟಕ್ಕೆ ನಿಲ್ಲದೆ, ಮೆಟ್ಟಿಲು ಒಂದೊಂದೇ ಇಳಿದು ಹೋದೆ. ಎಲೆ ಹಾಕಿ ಆಗಿತ್ತು. ನಿನ್ನ ಎಲೆಯನ್ನು ನಾನೇ ಮಡಚಿದೆ.

ಇಂದು ಬೆಳಿಗ್ಗೆ ಇವರಿಗೆ ಹೇಳಿದೆ, ಕಲೆ ಸೇರದಿದ್ದುದನ್ನೂ ಸೇರಿಸಿ.

“ಅಪ್ಪನ ಕಾರ್ಯದ ದಿನವೂ ಅವನನ್ನು ಸುಳ್ಳುಗಾರ ಅಂದೆ ನಾನು,” ಎಂದರು. ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು, “ಫೋನಲ್ಲಿ ಹೇಳುದಲ್ಲ ಇದು. ಹೋಗ್ತೇನೆ. ನೀನು ಇವತ್ತು ಬರ್ಬೇಡ, ಮೊದಲು ನನ್ನದು ಮುಗೀಲಿ.”

ಅವರು ಸ್ನಾನ ಮುಗಿಸುವುದರೊಳಗೆ ಇದನ್ನು ಬರೆದಿದ್ದೇನೆ. ಅವರ ಕೈಯಲ್ಲೇ ಕಳಿಸುತ್ತೇನೆ. ನಾಳೆ ನಾನು ಬರುತ್ತೇನೆ. ನೀನು ಒಳಗೆ ಕರೆಯದಿದ್ದರೆ ಮೆಟ್ಟಿಲಲ್ಲೇ ನಿಂತು, ನಿನ್ನ ಹೆಂಡತಿಗೆ ಕೇಳುವ ಹಾಗೆ, ಇದಿಷ್ಟನ್ನೂ ಬಾಯಲ್ಲಿ ಹೇಳಿ ಹೋಗುತ್ತೇನೆ.

ಬಚ್ಚಲಿನ ಬಾಗಿಲು ತೆರೆಯಿತು. ಉದ್ದು ನೆನೆದು ಆಗಿದೆ, ನಾನು ರುಬ್ಬಲು ಏಳುತ್ತೇನೆ.